ಟಿವಿ ಸೌಂಡು 14ರಿಂದ 30ಕ್ಕೆ ಹೋದದ್ದು ಯಾವಾಗ?

ಪ್ರಶ್ನೆ: ಡಾಕ್ಟ್ರೇ, ನನಗೆ 66, ನಮ್ಮ ಮನೆಯವರಿಗೆ 71. ಇಬ್ಬರೂ ನಿವೃತ್ತರು. ಭಾನುವಾರ ನಾವು ಎಲ್ಲಿಗೂ ಹೋಗುವುದಿಲ್ಲ, ಟಿವಿ ಹಾಕಿಕೊಂಡು ಕೂತಿರುತ್ತೇವೆ. ಅದರಲ್ಲಿ ಹಳೆಯದೇನಾದರೂ ಬಂದರೆ ಇವರ ಕಥೆ ಶುರು. ಅದೇ ನಾಲ್ಕೈದು ಕಥೆ. ಐವತ್ತು ವರ್ಷದ ಹಿಂದಿನದನ್ನು ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ. ನಿನ್ನೆ ಸಂಜೆ ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿದರೆ "ಹೇಳಿದಳಾ? ಯಾವಾಗ?" ಅನ್ನುತ್ತಾರೆ. ಹೋದ ವಾರ ಒಂದು ಹಳೇ ಸಿನಿಮಾ ಬಂತು. "ಇದನ್ನ ನಾವಿಬ್ಬರೂ ಮಳೇಲಿ ಒಂದೇ ಕೊಡೆ ಹಿಡ್ಕೊಂಡು ಹೋಗಿ ನೋಡಿದ್ವಲ್ಲ" ಅಂದರು. ಆ ಸಿನಿಮಾ ಬಂದಾಗ ನಮಗೆ ಮದುವೆಯೇ ಆಗಿರಲಿಲ್ಲ! ನಾನು ಹಾಗಂದದ್ದಕ್ಕೆ ಸಂಜೆವರೆಗೂ ಮುನಿಸು. ಮಗಳು ಕೇಳಿದರೆ "ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಟಿವಿ ನೋಡೀ ನೋಡೀ ಮಿದುಳು ಜಡವಾಗಿದೆ, ನೀವಿಬ್ಬರೂ ಹಳೇದರಲ್ಲೇ ಬದುಕ್ತಿದ್ದೀರಿ" ಅನ್ನುತ್ತಾಳೆ. ನಿಜ ಹೇಳಬೇಕೆಂದರೆ ನಮಗೆ ಆ ಭಾನುವಾರ ಇಷ್ಟ. ನಾವು ತಪ್ಪು ಮಾಡುತ್ತಿದ್ದೇವಾ? ಇನ್ನೊಂದು ಮಾತು, ಇದಕ್ಕೆ ಸಂಬಂಧ ಇಲ್ಲದ್ದು. ಇವರು ಟಿವಿ ಸೌಂಡು ಎಷ್ಟು ಜೋರಾಗಿ ಇಡುತ್ತಾರೆಂದರೆ ನನಗೆ ತಲೆನೋವು ಬರುತ್ತೆ. ಮೊದಲು 14ರಲ್ಲಿ ಇರುತ್ತಿತ್ತು, ಈಗ 30.

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಕೊನೆಯಿಂದ ಓದೋಣ. "ಇದಕ್ಕೆ ಸಂಬಂಧ ಇಲ್ಲದ್ದು" ಅಂತ ನೀವು ಬರೆದ ಸಾಲಿದೆಯಲ್ಲ, ಇಡೀ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಅಲ್ಲೇ. ಹಿರಿಯರನ್ನು ನೋಡುತ್ತಾ ಬಂದ ಇಷ್ಟು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಇದೂ ಒಂದು: ಜನ ಬಾಗಿಲ ತನಕ ಹೋಗಿ, ತಿರುಗಿ, "ಅಂದಹಾಗೆ ಡಾಕ್ಟ್ರೇ" ಅಂತ ಹೇಳುವುದರಲ್ಲೇ ಎಷ್ಟೋ ಸಲ ವಿಷಯ ಇರುತ್ತದೆ.

ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ಚಿಂತೆಗಳು ಒಂದೇ ಗಂಟಾಗಿ ಕೂತಿವೆ. ಯಜಮಾನರಿಗೆ ಮರೆವಿನ ಕಾಯಿಲೆ ಶುರುವಾಗಿದೆಯಾ, ಟಿವಿ ಮಿದುಳು ಕೆಡಿಸುತ್ತದೆಯಾ, ಹಳೆಯದನ್ನು ನೆನೆಯುವುದು ತಪ್ಪಾ, ಕೊಡೆಯ ಕಥೆ ಸುಳ್ಳಾ. ಬಿಡಿಸಿ ನೋಡಿದರೆ ಹೆದರಬೇಕಾದ್ದು ಕಡಿಮೆ, ಆದರೆ ಸುಮ್ನೆ ಕೂರುವ ಹಾಗೂ ಇಲ್ಲ.

ಮೊದಲು ಕಿವಿ. ವಯಸ್ಸಾದ ಹಾಗೆ ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ತೆಳುವಾದ, ಏರು ದನಿಯ ಸದ್ದುಗಳು. ನಮ್ಮ ಮಾತಿನಲ್ಲಿ ಅ, ಆ, ಓ ಇಂಥ ಸ್ವರಗಳು ದಪ್ಪ ಸದ್ದು, ಅವು ಚೆನ್ನಾಗಿ ಕೇಳುತ್ತವೆ. ಕ, ತ, ಪ, ಸ, ಶ ಇವೆಲ್ಲ ತೆಳು ಸದ್ದು. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಅವೇ. ಕಟ್ಟೆ, ತಟ್ಟೆ, ಪಟ್ಟೆ ಈ ಮೂರನ್ನೂ ಮೊದಲ ಸದ್ದು ಮಸುಕು ಮಾಡಿ ಹೇಳಿ ನೋಡಿ, ಮೂರೂ ಒಂದೇ. ಅದಕ್ಕೇ ಇಂಥವರು ಹೇಳುವುದು "ನಂಗೆ ಕೇಳುತ್ತಪ್ಪಾ, ನೀವೇ ಸರಿಯಾಗಿ ಮಾತಾಡಲ್ಲ" ಅಂತ. ಅವರು ಸುಳ್ಳು ಹೇಳುತ್ತಿಲ್ಲ. ದನಿ ಕೇಳುತ್ತೆ, ಮಾತು ಬಿಡಿಸಿಕೊಳ್ಳುವುದಿಲ್ಲ. ಆಗ ಕೈ ರಿಮೋಟಿಗೆ ಹೋಗುತ್ತದೆ. ಸೌಂಡು ಜಾಸ್ತಿ ಮಾಡಿದರೆ ದಪ್ಪ ಸದ್ದೂ ಜಾಸ್ತಿ, ಹಿನ್ನೆಲೆ ಸಂಗೀತವೂ ಜಾಸ್ತಿ, ಹೆಂಡತಿಯ ತಲೆನೋವೂ ಜಾಸ್ತಿ, ಮಾತು ಮಾತ್ರ ಅಷ್ಟೇ ಮಸುಕು. ಈಗಿನ ತೆಳು ಟಿವಿಗಳ ಸ್ಪೀಕರ್ ಪುಟ್ಟದು, ಎಷ್ಟೋ ಸಲ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಅದೂ ಒಂದು ತೊಂದರೆ.

ಇನ್ನು ಅವರು "ಮರೆತ" ವಿಷಯ ಯಾವುದು ನೋಡಿ. ಮಗಳು ಫೋನಿನಲ್ಲಿ ಹೇಳಿದ್ದು. ಫೋನಿನಲ್ಲಿ ಎದುರಿನವರ ತುಟಿ ಕಾಣುವುದಿಲ್ಲ. ಸಾಮಾನ್ಯ ಫೋನ್ ಲೈನುಗಳು ಆ ತೆಳು ಸದ್ದುಗಳಲ್ಲಿ ಒಂದಷ್ಟನ್ನು ಕತ್ತರಿಸಿಯೇ ಕಳಿಸುತ್ತವೆ. ಪಕ್ಕದಲ್ಲಿ ಟಿವಿ 30ರಲ್ಲಿ ಓಡುತ್ತಿದ್ದರೆ ಕೇಳುವುದೇ ಬೇಡ. ಅವರು "ಹೂಂ, ಹೂಂ" ಅಂದಿರುತ್ತಾರೆ, ಮಗಳು ಅಪ್ಪನಿಗೆ ಗೊತ್ತಾಯಿತು ಅಂದುಕೊಂಡಿರುತ್ತಾಳೆ. ಒಳಗೇ ಹೋಗದ ಮಾತು ಮರುದಿನ ನೆನಪಾಗುವುದಾದರೂ ಹೇಗೆ? ಅದು ಮರೆವಲ್ಲ, ಖಾಲಿ ಪೆಟ್ಟಿಗೆ. ಜೊತೆಗೆ ಅರ್ಧ ಕೇಳಿದ್ದನ್ನು ಊಹಿಸಿ ತುಂಬಿಸಿಕೊಳ್ಳುವುದರಲ್ಲೇ ಮಿದುಳು ದಣಿದಿರುತ್ತದೆ, ನೆನಪಿಟ್ಟುಕೊಳ್ಳಲು ಪುರುಸೊತ್ತು ಇರುವುದಿಲ್ಲ.

ಹಾಗಂತ "ಬರೀ ಕಿವಿ" ಅಂತ ಕೈ ತೊಳೆದುಕೊಳ್ಳಬೇಡಿ. ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ಏನಾದರೂ ಮಾಡಬಹುದಾದ 14 ಅಂಶಗಳನ್ನು 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಪಟ್ಟಿ ಮಾಡಿತು. ಕಿವಿ ಮಂದವಾಗುವುದು ಅದರಲ್ಲಿ ಒಂದು. ಶ್ರವಣಯಂತ್ರ ಹಾಕಿದರೆ ಮರೆವು ತಪ್ಪುತ್ತದಾ ಅಂತ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಅಂಥ ವ್ಯತ್ಯಾಸವೇ ಇಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಮಾತ್ರ ಮಿದುಳಿನ ಶಕ್ತಿ ಕುಗ್ಗುವ ವೇಗ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಹಾಗಾಗಿ "ಮಷಿನ್ ಹಾಕಿ, ಮರೆವು ಬರಲ್ಲ" ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಆದರೆ ಕಿವಿ ಪರೀಕ್ಷೆ ಮಾಡಿಸದೆ ಮರೆವಿನ ಮಾತೇ ಎತ್ತಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನೆನಪಿನ ವಿಷಯ. ಇಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ, ಒಂದಕ್ಕೊಂದು ಪೂರ್ತಿ ಉಲ್ಟಾ. ಒಬ್ಬರು ಹೇಳುತ್ತಾರೆ, "ಐವತ್ತು ವರ್ಷದ ಹಿಂದಿನದೇ ಇಷ್ಟು ನೆನಪಿದೆ, ಇವರಿಗೆಂಥ ಮರೆವು!" ಇನ್ನೊಬ್ಬರು ಹೇಳುತ್ತಾರೆ, "ಹಳೇದು ನೆನಪಿದ್ದು ಹೊಸದು ಮರೆತರೆ ಅದೇ ಕಾಯಿಲೆ." ಎರಡೂ ಸರಿಯಲ್ಲ. ಹಳೆಯ ನೆನಪು ಗಟ್ಟಿಯಾಗಿರುವುದು ಆರೋಗ್ಯವಂತರಲ್ಲೂ ಉಂಟು, ಕಾಯಿಲೆಯವರಲ್ಲೂ ಉಂಟು, ಹಾಗಾಗಿ ಅದರಿಂದ ಏನೂ ತೀರ್ಮಾನ ಮಾಡುವ ಹಾಗಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅನ್ನುವ 27 ವರ್ಷದ ಯುವಕನಿಗೆ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಹೊಸ ನೆನಪನ್ನು ಕಟ್ಟುವ ಭಾಗವೇ ಹೋಯಿತು. ಆತ 2008ರಲ್ಲಿ ತೀರಿಕೊಳ್ಳುವವರೆಗೂ ಬಾಲ್ಯದ ಮಾತು ಹೇಳುತ್ತಿದ್ದ, ಆದರೆ ಈಗಷ್ಟೇ ಭೇಟಿಯಾದವರು ಹೊರಗೆ ಹೋಗಿ ಒಳಗೆ ಬಂದರೆ ಹೊಸಬರು. ಹಳೆಯದನ್ನು ಇಟ್ಟಿರುವ ಜಾಗ ಬೇರೆ, ಹೊಸದನ್ನು ಕಟ್ಟುವ ಕಾರ್ಖಾನೆ ಬೇರೆ ಅನ್ನುವುದು ವೈದ್ಯಲೋಕಕ್ಕೆ ಸ್ಪಷ್ಟವಾದದ್ದು ಅವನಿಂದ.

ಮತ್ತೆ ಹಳೆಯ ಕಥೆಗಳೆಲ್ಲ ಅದೇ ವಯಸ್ಸಿನವೇ ಯಾಕೆ? ಅವರ ಆ ನಾಲ್ಕೈದು ಕಥೆಗಳನ್ನೇ ಎಣಿಸಿ ನೋಡಿ, ಬಹುಪಾಲು ಹತ್ತರಿಂದ ಮೂವತ್ತು ವಯಸ್ಸಿನ ಒಳಗಿನವೇ ಇರುತ್ತವೆ. ಇದು ಅವರೊಬ್ಬರ ಚಟವಲ್ಲ. ಮಧ್ಯವಯಸ್ಸು ದಾಟಿದ ಯಾರನ್ನೇ "ಬದುಕಿನ ನೆನಪು ಹೇಳಿ" ಅಂದರೂ ಆ ಕಾಲದ್ದೇ ರಾಶಿಯಾಗಿ ಬರುತ್ತದೆ. ಮೊದಲ ಕೆಲಸ, ಮೊದಲ ಸಂಬಳ, ಮೊದಲ ಸಲ ಮನೆ ಬಿಟ್ಟದ್ದು, ಮದುವೆ, ಮಗು, ಎಲ್ಲ ಮೊದಲುಗಳೂ ಅಲ್ಲೇ. ನಾನು ಯಾರು ಅನ್ನುವುದು ಗಟ್ಟಿಯಾದದ್ದೂ ಅಲ್ಲೇ. ಮೇಲಾಗಿ ಅವನ್ನು ನೂರು ಸಲ ಹೇಳಿ ಉರು ಹೊಡೆದಿರುತ್ತೇವೆ. ಹೋದ ಮಂಗಳವಾರದಲ್ಲಿ ಹಿಡಿದಿಟ್ಟುಕೊಳ್ಳುವಂಥದ್ದು ಏನಿತ್ತು ಹೇಳಿ?

ಹಾಗಾದರೆ ಕಾಯಿಲೆಯ ಗುರುತು ಯಾವುದು? ಕಥೆ ಹಳೆಯದಾ ಹೊಸದಾ ಅನ್ನುವುದಲ್ಲ, ಹೇಗೆ ಮತ್ತೆ ಬರುತ್ತದೆ ಅನ್ನುವುದನ್ನು ನೋಡಬೇಕು. ಟಿವಿಯಲ್ಲಿ ಏನೋ ಕಂಡು, ಅದರಿಂದ ನೆನಪಾಗಿ, "ಹೇಳಿದ್ದೆನಲ್ಲ, ಆವತ್ತು..." ಅಂತ ಶುರು ಮಾಡಿದರೆ ಅದು ಮಾತಿನ ಸುಖ. ನೀವು "ಗೊತ್ತು ರೀ, ನೂರು ಸಲ ಕೇಳಿದ್ದೀನಿ" ಅಂದಾಗ ನಕ್ಕರೆ ಇನ್ನೂ ಒಳ್ಳೆಯದು. ಅದೇ ಕಥೆಯನ್ನು ಅರ್ಧ ಗಂಟೆಯೊಳಗೆ, ಈಗಷ್ಟೇ ಹೇಳಿದೆ ಅನ್ನುವ ಅರಿವೇ ಇಲ್ಲದೆ, ಮೊದಲ ಸಲ ಹೇಳುವವರಂತೆ ಮತ್ತೆ ಹೇಳಿದರೆ ನಾನು ಕಿವಿ ನಿಮಿರಿಸುತ್ತೇನೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ದಿನಾ ನಡೆದ ದಾರಿಯಲ್ಲೇ ತಪ್ಪಿಸಿಕೊಳ್ಳುವುದು, ಮೊದಲು ಸಲೀಸಾಗಿ ಮಾಡುತ್ತಿದ್ದ ಹಣದ ಲೆಕ್ಕದಲ್ಲಿ ತಡವರಿಸುವುದು, ಸುಮ್ಮಸುಮ್ಮನೆ ಅನುಮಾನ, ಸ್ವಭಾವವೇ ಬದಲಾದದ್ದು, ಇವು ಬೇರೆ ತೂಕದವು. ಹೆಸರು ನಾಲಿಗೆ ತುದಿಯಲ್ಲಿ ನಿಂತು ಸಂಜೆ ಹೊತ್ತಿಗೆ ತಾನೇ ಹೊಳೆಯುವುದು, ಕನ್ನಡಕ ಹುಡುಕುವುದು ವಯಸ್ಸಿನ ಲೆಕ್ಕಕ್ಕೆ ಸೇರಿದ್ದು.

ಟಿವಿಯೇ ಇಲ್ಲಿ ಒಳ್ಳೆಯ ಪರೀಕ್ಷೆ. ಅವರು ಒಂದು ಸಿನಿಮಾದ ಎಳೆ ಹಿಡಿದು ಕೂರುತ್ತಾರಾ? "ಇವನು ಯಾರು, ಆಗಲೇ ಸತ್ತಿರಲಿಲ್ವಾ?" ಅಂತ ಪದೇ ಪದೇ ಕೇಳುತ್ತಾರಾ? ಮೊದಲು ಸೀರಿಯಲ್ ಬಿಡದೆ ನೋಡುತ್ತಿದ್ದವರು ಈಗ ಎಳೆಯೇ ಬೇಕಿಲ್ಲದ ಹಾಡು, ಆಟ, ಇಂಥವಕ್ಕೆ ಸದ್ದಿಲ್ಲದೆ ಹೊರಳಿದ್ದಾರಾ? ಹೊರಳಿದ್ದರೆ ಕಾರಣ ಕಿವಿಯೂ ಇರಬಹುದು, ನೆನಪೂ ಇರಬಹುದು. ಕೆಳಗೆ ಅಕ್ಷರದಲ್ಲಿ ಮಾತು ಬರುವ ಸೌಲಭ್ಯ ಇದ್ದರೆ ಹಾಕಿ ನೋಡಿ. ಅಕ್ಷರ ಬಂದಾಗ ಕಥೆ ಹಿಡಿದರೆ ಕಿವಿಯ ಮೇಲೆ ಅನುಮಾನ ಹೆಚ್ಚುತ್ತದೆ.

ಮಗಳ ಎರಡನೇ ಮಾತು, ಟಿವಿ ಮಿದುಳನ್ನು ಜಡ ಮಾಡುತ್ತದೆ ಅನ್ನುವುದು. ಅವಳು ಪೂರ್ತಿ ತಪ್ಪಲ್ಲ, ಅಷ್ಟು ಮಟ್ಟಿಗೆ ಅವಳ ಪರ ನಾನು. ಇಂಗ್ಲೆಂಡಿನಲ್ಲಿ 50 ದಾಟಿದ 3,662 ಜನರನ್ನು ನೋಡಿ 2019ರಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ ಮೂರೂವರೆ ಗಂಟೆಗಿಂತ ಜಾಸ್ತಿ ಟಿವಿ ನೋಡುತ್ತಿದ್ದವರಲ್ಲಿ ಆರು ವರ್ಷದ ನಂತರ ಪದಗಳನ್ನು ನೆನಪಿಡುವ ಶಕ್ತಿ ಉಳಿದವರಿಗಿಂತ ಹೆಚ್ಚು ಕುಗ್ಗಿತ್ತು. ಆದರೆ ಟಿವಿಯಿಂದಲೇ ಹಾಗಾಯಿತು ಅಂತ ಇಂಥ ಅಧ್ಯಯನ ಹೇಳಲಾರದು. ಮಂಕಾಗುತ್ತಿರುವವರು ಟಿವಿ ಮುಂದೆ ಜಾಸ್ತಿ ಕೂರುತ್ತಾರೋ, ಜಾಸ್ತಿ ಕೂತದ್ದಕ್ಕೆ ಮಂಕಾದರೋ, ಬಿಡಿಸುವುದು ಕಷ್ಟ. 2022ರಲ್ಲಿ ಬ್ರಿಟನ್ನಿನ ಇನ್ನೂ ದೊಡ್ಡ ಗುಂಪಿನಲ್ಲಿ ನೋಡಿದಾಗ ಒಂದು ಸ್ವಾರಸ್ಯ ಕಂಡಿತು. ಕೂತು ಟಿವಿ ನೋಡುವವರಲ್ಲಿ ಮರೆವಿನ ಕಾಯಿಲೆ ಹೆಚ್ಚು, ಕೂತು ಕಂಪ್ಯೂಟರ್ ಬಳಸುವವರಲ್ಲಿ ಕಡಿಮೆ. ಕೂರುವುದು ಎರಡರಲ್ಲೂ ಒಂದೇ, ಆದರೆ ಒಂದರಲ್ಲಿ ತಲೆ ಕೆಲಸ ಮಾಡುತ್ತಿರುತ್ತದೆ.

ನೀವು ಬರೆದದ್ದು ಭಾನುವಾರದ ಬಗ್ಗೆ. ನನಗೆ ಚಿಂತೆ ಉಳಿದ ಆರು ದಿನದ್ದು! ಅವೂ ಹೀಗೇ ಕಳೆಯುತ್ತಿದ್ದರೆ ಮಗಳ ಮಾತಿಗೆ ಬೆಲೆ ಕೊಡಿ. ಮಿಕ್ಕ ದಿನ ಓಡಾಟ, ಜನ, ಏನಾದರೂ ಕೈಕೆಲಸ ಇದ್ದರೆ ಒಂದು ದಿನದ ಟಿವಿಯಿಂದ ಯಾರ ಮಿದುಳೂ ಕೆಡುವುದಿಲ್ಲ. ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಏದುಸಿರು ಬರುವಷ್ಟು ನಡಿಗೆ ಅಥವಾ ಅಂಥದ್ದು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಿಮ್ಮ ವಯಸ್ಸಿಗೆ ಅದರ ಜೊತೆ ವಾರದಲ್ಲಿ ಮೂರು ದಿನ ಸಮತೋಲನದ ವ್ಯಾಯಾಮವೂ ಸೇರಬೇಕು. ಭಾನುವಾರವೂ ಜಾಹೀರಾತು ಬಂದಾಗ ಎದ್ದು ಒಂದು ಸುತ್ತು ಹಾಕಿ, ಅಷ್ಟೇ. ಮತ್ತೆ ನೀವಿಬ್ಬರು ಟಿವಿ ನೋಡುವುದು ಮೂಕರ ಹಾಗಲ್ಲ. ಅದು ಒಂದು ದೃಶ್ಯ ಎಸೆಯುತ್ತದೆ, ನೀವು ಅದರ ಮೇಲೆ ಗಂಟೆಗಟ್ಟಲೆ ಮಾತಾಡುತ್ತೀರಿ, ಜಗಳ ಆಡುತ್ತೀರಿ. ಬಾಯಿ ಕಟ್ಟಿ ಕೂತ ಮೂರು ಗಂಟೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ನನಗೆ ಮನಸ್ಸಿಲ್ಲ.

ಇನ್ನು "ಹಳೇದರಲ್ಲೇ ಬದುಕ್ತಿದ್ದೀರಿ" ಅನ್ನುವುದು. ಇದು ಹಳೆಯ ಅಪವಾದ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನುವ ವೈದ್ಯ ಊರಿನ ಹಂಬಲಕ್ಕೆ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟದ್ದೇ ಅದೊಂದು ಕಾಯಿಲೆ ಅಂತ. ವಯಸ್ಸಾದವರು ಹಳೆಯದನ್ನು ಹೇಳಿಕೊಂಡರೆ ಅದು ಮಿದುಳು ಸೋಲುತ್ತಿರುವ ಲಕ್ಷಣ ಅಂತ ನಮ್ಮ ವೃತ್ತಿಯವರೇ ತುಂಬಾ ಕಾಲ ನಂಬಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಅನ್ನುವ ಅಮೆರಿಕದ ಮನೋವೈದ್ಯರು ಅದನ್ನು ತಿರುಗಿಸಿ ಹಾಕಿದರು. ಬದುಕನ್ನು ಹಿಂದಿರುಗಿ ನೋಡಿ, ಲೆಕ್ಕ ಹಾಕಿ, ರಾಜಿ ಮಾಡಿಕೊಳ್ಳುವುದು ಮುಪ್ಪಿನ ಸಹಜ ಕೆಲಸ ಅಂದರು. ಈಗ ಇದನ್ನೇ ಚಿಕಿತ್ಸೆಯಾಗಿಯೂ ಬಳಸುತ್ತಾರೆ. ಹಳೆಯ ಫೋಟೋ, ಹಾಡು ಇಟ್ಟುಕೊಂಡು ಮಾತಾಡಿಸುವುದು. ಲಾಭ ಸಣ್ಣದು, ಎಲ್ಲರಿಗೂ ಒಂದೇ ಥರ ಆಗುವುದೂ ಇಲ್ಲ, ಆದರೆ ತಪ್ಪಂತೂ ಅಲ್ಲ.

ಅಪಾಯ ಇರುವುದು ನೆನೆಯುವುದರಲ್ಲಿ ಅಲ್ಲ, ಕೊರಗುವುದರಲ್ಲಿ. ಕಥೆ ಹೇಳಿ ಮುಗಿದಾಗ ಅವರ ಮುಖ ಹೇಗಿರುತ್ತದೆ? ಅರಳಿದ್ದರೆ ಬಿಡಿ. "ನಾನು ಹಾಗೆ ಮಾಡಬಾರದಿತ್ತು, ಎಲ್ಲ ಮುಗೀತು" ಅನ್ನುವಲ್ಲಿಗೇ ಪ್ರತಿ ಕಥೆಯೂ ಹೋಗಿ ನಿಂತರೆ, ಮೊದಲು ಇಷ್ಟವಾಗಿದ್ದುದೂ ಬೇಡವಾದರೆ, ನಿದ್ದೆ ಕೆಟ್ಟರೆ ಅದು ಖಿನ್ನತೆ ಇರಬಹುದು. ಹಿರಿಯರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಿನ ರೂಪದಲ್ಲಿ ಬರುವುದಿಲ್ಲ, ಮರೆವಿನ ರೂಪದಲ್ಲಿ ಬರುತ್ತದೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಈಗ ಕೊಡೆ! ನಿಮ್ಮ ಪತ್ರದಲ್ಲಿ ನನಗೆ ಬಲು ಇಷ್ಟವಾದದ್ದು ಅದು. ನೆನಪು ಅಂದರೆ ಪೆಟ್ಟಿಗೆಯಲ್ಲಿಟ್ಟ ಫೋಟೋ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ. ಪ್ರತಿ ಸಲ ಹೊರಗೆ ತೆಗೆದಾಗಲೂ ಅದು ಹಸಿ ಮಣ್ಣಿನಂತೆ ಮೆತ್ತಗಾಗುತ್ತದೆ, ವಾಪಸ್ ಇಡುವಾಗ ನಮ್ಮ ಬೆರಳಚ್ಚು ಮೂಡಿರುತ್ತದೆ. ಮಳೆ ನಿಜ ಇರಬಹುದು, ಕೊಡೆ ನಿಜ ಇರಬಹುದು, ಪಕ್ಕದಲ್ಲಿ ಯಾರೋ ಗೆಳೆಯ ಇದ್ದಿರಬಹುದು. ಆಮೇಲೆ ನಿಮ್ಮ ಜೊತೆ ಎಷ್ಟೋ ಮಳೆಯಲ್ಲಿ ಎಷ್ಟೋ ಸಿನಿಮಾಕ್ಕೆ ಹೋದದ್ದರಿಂದ ಗೆಳೆಯನನ್ನು ಎಬ್ಬಿಸಿ ಆ ಜಾಗದಲ್ಲಿ ನಿಮ್ಮನ್ನು ಕೂರಿಸಿದ್ದಾರೆ. ಏನು ಆಯಿತು ಅನ್ನುವುದು ಉಳಿದು, ಯಾರ ಜೊತೆ, ಯಾವಾಗ ಅನ್ನುವುದು ಅದಲುಬದಲಾಗುವುದು ಎಲ್ಲ ವಯಸ್ಸಿನವರಿಗೂ ಆಗುತ್ತದೆ, ವಯಸ್ಸಾದ ಹಾಗೆ ಸ್ವಲ್ಪ ಜಾಸ್ತಿ. ನೀವು ಸರಿ ಅಂತಲೇ ಇಟ್ಟುಕೊಳ್ಳೋಣ, ವರ್ಷದ ಲೆಕ್ಕ ನಿಮ್ಮ ಕಡೆ ಇದೆ. ಹಾಗಂತ ಗೆಲ್ಲಲೇಬೇಕಾದ ಕೇಸಾ ಇದು? ಔಷಧಿ, ಹಣ, ದಿನಾಂಕ ಇಂಥವುಗಳಲ್ಲಿ ತಪ್ಪಿದರೆ ತಿದ್ದಿ. ಕೊಡೆಯ ವಿಷಯದಲ್ಲಿ "ಆಮೇಲೆ ಏನಾಯ್ತು?" ಅಂತ ಕೇಳಿ ನೋಡಿ.

ಒಂದು ಎಚ್ಚರಿಕೆ ಮಾತ್ರ. ಬಹಳ ವರ್ಷ ಜೊತೆಗಿದ್ದ ಗಂಡ ಹೆಂಡತಿ ನೆನಪನ್ನೂ ಹಂಚಿಕೊಂಡಿರುತ್ತಾರೆ. ಹೆಸರು ಇವಳ ಪಾಲು, ದಾರಿ ಇವನ ಪಾಲು. 1985ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನೋವಿಜ್ಞಾನಿ ಇದನ್ನು ವಿವರಿಸಿದ್ದರು. ಚೆಂದದ ಏರ್ಪಾಡು, ಆದರೆ ಒಬ್ಬರ ನೆನಪು ಸೋರುತ್ತಿದ್ದರೂ ಇನ್ನೊಬ್ಬರು ತುಂಬಿಸುತ್ತಾ ಹೋಗಿ ಯಾರಿಗೂ ಗೊತ್ತಾಗುವುದಿಲ್ಲ. ನಾನು ಯಜಮಾನರಿಗೆ ಪ್ರಶ್ನೆ ಕೇಳುತ್ತೇನೆ, ಅವರ ತಲೆ ಥಟ್ಟನೆ ಪಕ್ಕದಲ್ಲಿರುವ ಹೆಂಡತಿಯ ಕಡೆ ತಿರುಗುತ್ತದೆ. ಈ ತಿರುಗುವಿಕೆಯನ್ನು ನಾವು ವೈದ್ಯರು ಗುರುತು ಹಾಕಿಕೊಳ್ಳುತ್ತೇವೆ. ಪ್ರಶ್ನೆ ಕೇಳಿಸದೆ ತಿರುಗಿದರಾ, ಉತ್ತರ ಸಿಗದೆ ತಿರುಗಿದರಾ, ಅದನ್ನು ಆಮೇಲೆ ನೋಡುತ್ತೇವೆ.

ಏನು ಮಾಡಬಹುದು ಅಂದರೆ, ಕಿವಿಯಿಂದಲೇ ಶುರು ಮಾಡಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಇಷ್ಟೆಲ್ಲ ಆಗಬಹುದು, ಅದನ್ನು ವೈದ್ಯರು ತೆಗೆದರೆ ಮುಗಿಯಿತು, ನೀವು ಮಾತ್ರ ಕಡ್ಡಿ ಹಾಕಬೇಡಿ. ಆಮೇಲೆ ಶ್ರವಣ ಪರೀಕ್ಷೆ. ಯಂತ್ರ ಬೇಕು ಅಂದರೆ ಮೊದಲ ಕೆಲವು ವಾರ ಕಿರಿಕಿರಿ ಗ್ಯಾರಂಟಿ, ಫ್ಯಾನು, ಪಾತ್ರೆ, ಕಾಗದ ಎಲ್ಲ ಗಲಾಟೆ ಅನ್ನಿಸುತ್ತದೆ. ಅಲ್ಲೇ ಸೋತವರ ಯಂತ್ರ ಮೇಜಿನ ಡ್ರಾಯರ್ ಸೇರುತ್ತದೆ. ದಿನಾ ಹಾಕಿಕೊಂಡು, ಎರಡು ಮೂರು ಸಲ ಹೋಗಿ ಹೊಂದಿಸಿಕೊಂಡರೆ ಒಗ್ಗುತ್ತದೆ. ಪರೀಕ್ಷೆ ಇಲ್ಲದೆ ಸುಮ್ನೆ ಸದ್ದು ಹೆಚ್ಚಿಸುವ ಅಗ್ಗದ ಸಾಧನ ಕೊಂಡರೆ ಮತ್ತದೇ ರಿಮೋಟಿನ ಕಥೆ. ಅಂದಹಾಗೆ, ಒಂದೇ ದಿನದಲ್ಲಿ ಅಥವಾ ಎರಡು ಮೂರು ದಿನದಲ್ಲಿ ಕಿವಿ ಇದ್ದಕ್ಕಿದ್ದಂತೆ ಹೋದರೆ ಕಾಯಬೇಡಿ, ಅದು ತುರ್ತು.

ನೆನಪಿನ ಪರೀಕ್ಷೆ ಕಿವಿ ಸರಿಮಾಡಿಕೊಂಡ ಮೇಲೆ. ಸಾಮಾನ್ಯವಾಗಿ 30 ಅಂಕದ ಒಂದು ಚಿಕ್ಕ ಪರೀಕ್ಷೆ ಇರುತ್ತದೆ. ಪ್ರಶ್ನೆಯೇ ಕೇಳಿಸದವರಿಗೆ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೆ, ಶಾಲೆ ಕಡಿಮೆ ಕಲಿತವರಿಗೆ ಅಂಕ ಕಡಿಮೆ ಬಂದು ಸುಳ್ಳು ಹಣೆಪಟ್ಟಿ ಬೀಳುವ ಅಪಾಯ ಇದೆ. ಬಿ12 ಮತ್ತು ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ, ಇವೆರಡರ ಕೊರತೆಯೂ ಮಂಕು ಕವಿಸುತ್ತದೆ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ನಿದ್ದೆ ಮಾತ್ರೆ, ಅಲರ್ಜಿ ಮತ್ತು ಶೀತದ ಕೆಲವು ಹಳೆಯ ಮಾತ್ರೆಗಳು ನೆನಪಿಗೆ ಮೋಡ ಕವಿಸುವುದುಂಟು. ಆದರೆ ನೀವೇ ನಿಲ್ಲಿಸಬೇಡಿ. ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ನೆನಪಿನ ಟಾನಿಕ್ ಅಂತ ಮಾರುವುದರ ಹಿಂದೆ ಹೋಗಬೇಡಿ, ಹಣ ಹೋಗುವುದರ ಜೊತೆ ಸರಿಯಾದ ಪರೀಕ್ಷೆಯೂ ಮುಂದಕ್ಕೆ ಹೋಗುತ್ತದೆ.

ಮೂರು ತಿಂಗಳು ಕಾದು ನೋಡುವುದೂ ಒಂದು ದಾರಿ, ಆದರೆ ಮೇಲೆ ಹೇಳಿದ ಗುರುತು ಯಾವುದೂ ಇಲ್ಲದಿದ್ದರೆ ಮಾತ್ರ. ಇದ್ದರೆ ಕಾಯುವುದು ಹೊತ್ತು ಕಳೆಯುವುದಷ್ಟೇ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಅವರು ಗೊಂದಲಕ್ಕೆ ಬಿದ್ದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಆವತ್ತೇ ಆಸ್ಪತ್ರೆ.

ಮಗಳ ಮೇಲೆ ಬೇಸರ ಬೇಡ. ದೂರದಿಂದ ಫೋನಿನಲ್ಲಿ ಅಪ್ಪನ "ಹೂಂ" ಮಾತ್ರ ಕೇಳುವವಳಿಗೆ ಹೆದರಿಕೆ ಆಗುವುದು ಸಹಜ ಅಲ್ವಾ. ಅವಳಿಗೆ ಹೇಳಿ, ಮುಖ ಕಾಣುವ ಹಾಗೆ ವಿಡಿಯೋ ಕರೆ ಮಾಡಲಿ, ನೀವು ಮೊದಲು ಟಿವಿ ಆರಿಸಿ, ಅವಳು ಕೂಗದೆ ನಿಧಾನಕ್ಕೆ ಮಾತಾಡಲಿ. ಮರುದಿನ ಅವರನ್ನು ಕೇಳಿ ನೋಡಿ, ಏನು ಹೇಳಿದಳು ಅಂತ. ಎರಡು ವಾರ ಹೀಗೆ ಮಾಡಿ ಬರೆದಿಟ್ಟುಕೊಂಡರೆ ನನಗೆ ಸ್ಕ್ಯಾನಿಗಿಂತ ಮೊದಲು ಅದು ಬೇಕು.

ಬರುವಾಗ ನಿಮ್ಮ ಕಿವಿಯನ್ನೂ ತೋರಿಸಿಕೊಳ್ಳಿ, ಇಷ್ಟು ದೊಡ್ಡ ಪತ್ರದಲ್ಲಿ ನಿಮ್ಮ ಬಗ್ಗೆ ತಲೆನೋವು ಬಿಟ್ಟು ಇನ್ನೇನೂ ಬರೆದಿಲ್ಲ. ಸೌಂಡು 14ರಿಂದ 30ಕ್ಕೆ ಏರಲು ತಿಂಗಳು ಹಿಡಿಯಿತಾ, ವರ್ಷಗಳು ಹಿಡಿದವಾ, ಯೋಚಿಸಿಕೊಂಡು ಬನ್ನಿ. ವೈದ್ಯರು ಪ್ರಶ್ನೆ ಕೇಳಿದಾಗ ಅವರು ನಿಮ್ಮ ಕಡೆ ತಿರುಗಿದರೆ ನೀವು ಉತ್ತರ ಕೊಡಬೇಡಿ. ಇದು ನಿಮಗೆ ತುಂಬಾ ಕಷ್ಟ ಆಗುತ್ತದೆ, ಗೊತ್ತು. ಕಿಟಕಿ ಕಡೆ ನೋಡಿಕೊಂಡು ಕೂತಿರಿ.